ಹಾಲಿಲ್ಲದ ಸಿಹಿ ಬ್ರೆಡ್ಡು, ಕಳೆದುಹೋದ ಹೆಸರು

ಹಿಟ್ಟಿನ ಸಣ್ಣ ಉಂಡೆಗಳನ್ನು ಕರಗಿಸಿದ ಬೆಣ್ಣೆಯಲ್ಲಿ ಅದ್ದಿ, ಸಕ್ಕರೆ ಮತ್ತು ದಾಲ್ಚಿನ್ನಿಯ ಪುಡಿಯಲ್ಲಿ ಹೊರಳಿಸಿ, ಒಂದರ ಮೇಲೊಂದು ಪೇರಿಸಿ ಬೇಯಿಸುವ ಬ್ರೆಡ್ಡು ಅಮೆರಿಕದಲ್ಲಿ ಮನೆಮಾತು. ಅದನ್ನು ಚಾಕುವಿನಿಂದ ಕತ್ತರಿಸುವ ಕ್ರಮವಿಲ್ಲ. ಸುತ್ತ ಕುಳಿತವರು ಕೈಯಿಂದಲೇ ಒಂದೊಂದು ಉಂಡೆ ಕಿತ್ತು ತಿನ್ನುತ್ತಾರೆ. ಅಲ್ಲಿನವರು ಅದನ್ನು ‘ಮಂಕಿ ಬ್ರೆಡ್’, ಅಂದರೆ ಮಂಗನ ರೊಟ್ಟಿ ಎನ್ನುತ್ತಾರೆ.

ಆದರೆ ಈ ಸಿಹಿಯ ತವರು ಹಂಗೆರಿ. ಅಲ್ಲಿ ಅದಕ್ಕೆ ‘ಅರನ್ಯಗಲುಷ್ಕ’ ಎಂದು ಹೆಸರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಚಿನ್ನದ ಕಡುಬು. ಹಂಗೆರಿಯಿಂದ ವಲಸೆ ಹೋದ ಯಹೂದಿ ಕುಟುಂಬಗಳು ಅದನ್ನು ಅಮೆರಿಕಕ್ಕೆ ಒಯ್ದುವು. ಯಹೂದಿಗಳ ಕಟ್ಟಳೆಯಂತೆ ಮಾಂಸದೂಟದ ಜೊತೆಯಲ್ಲಿ ಹಾಲು, ಬೆಣ್ಣೆ ಕೂಡದು. ಆದ್ದರಿಂದ ಅಂತಹ ಊಟಕ್ಕೆ ಸಿಹಿ ಮಾಡುವಾಗ ಹಾಲಿಗೆ ಬದಲು ನೀರನ್ನೂ ಬೆಣ್ಣೆಗೆ ಬದಲು ಎಣ್ಣೆಯನ್ನೂ ಬಳಸುತ್ತಾರೆ. 1972ರಲ್ಲಿ ಅಮೆರಿಕದ ಪ್ರಸಿದ್ಧ ಅಡಿಗೆ ಪುಸ್ತಕವೊಂದು ಈ ತಿಂಡಿಯನ್ನು ‘ಹಂಗೆರಿಯ ಕಾಫಿ ಕೇಕ್’ ಎಂದು ಕರೆಯಿತು. ಆಗಲೇ ಬೇರೊಂದು ಉಂಡೆಬ್ರೆಡ್ಡಿಗೆ ಅಲ್ಲಿದ್ದ ಮಂಕಿ ಬ್ರೆಡ್ ಎಂಬ ಹೆಸರು ಕ್ರಮೇಣ ಇದಕ್ಕೂ ಅಂಟಿಕೊಂಡಿತು. ರುಚಿ ಉಳಿಯಿತು, ಹೆಸರು ಹೋಯಿತು. ಮಂಜೇಶ್ವರವು ಹಲಗೆಯ ಮೇಲೆ ಮಂಜೇಶ್ವರಂ ಆಗುವುದನ್ನು ಕಂಡ ನಮಗೆ ಇದು ತೀರ ದೂರದ ಸುದ್ದಿಯೇನೂ ಅಲ್ಲ.

ಇದನ್ನು ಮಾಡಲು ವಿದ್ಯುತ್ ಒಲೆಯೇ ಬೇಕೆಂದಿಲ್ಲ. ಅಮೆರಿಕದಲ್ಲಿ ಬಯಲಿನಲ್ಲಿ ಬಿಡಾರ ಹೂಡುವವರು ‘ಡಚ್ ಓವನ್’ ಎಂಬ ಎರಕದ ಕಬ್ಬಿಣದ ಪಾತ್ರೆಯಲ್ಲಿ ಇದನ್ನು ಬೇಯಿಸುತ್ತಾರೆ. ಅಂತಹ ಪಾತ್ರೆಗಳನ್ನು ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುವ ವಿಧಾನಕ್ಕೆ ಇಂಗ್ಲೆಂಡಿನ ಅಬ್ರಹಾಂ ಡಾರ್ಬಿ 1707ರಲ್ಲಿ ಪೇಟೆಂಟು ಪಡೆದನು. ಪಾತ್ರೆಯ ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ. ದಮ್ ಬಿರಿಯಾನಿ ಮಾಡುವುದನ್ನು ಕಂಡ ನಮ್ಮ ಕರಾವಳಿಯವರಿಗೆ ಇದು ಹೊಸತಲ್ಲ.

ಹಾಲು ಒಗ್ಗದ ಮಕ್ಕಳಿರುವ ಮನೆಗೂ ಇದು ಒಪ್ಪುವ ತಿಂಡಿ. ನೀರಿಗೆ ಬದಲು ತೆಂಗಿನಕಾಯಿಯ ಎರಡನೆಯ ಹಾಲು ಹಾಕಿದರೆ ಬ್ರೆಡ್ಡು ಮೃದುವಾಗುತ್ತದೆ. ಅರ್ಧ ಕಿಲೋ ಮೈದಾ, ಉಗುರುಬೆಚ್ಚಗಿನ ಕಾಯಿಹಾಲು 300 ಮಿಲಿಲೀಟರ್, ಒಣ ಯೀಸ್ಟ್ 7 ಗ್ರಾಂ, ಸಕ್ಕರೆ 60 ಗ್ರಾಂ, ತೆಂಗಿನೆಣ್ಣೆ 50 ಗ್ರಾಂ, ಒಂದು ಚಮಚ ಉಪ್ಪು ಸೇರಿಸಿ ಹತ್ತು ನಿಮಿಷ ಚೆನ್ನಾಗಿ ನಾದಬೇಕು. ಕಾಯಿಹಾಲು ಬಿಸಿಯಾಗಿದ್ದರೆ ಯೀಸ್ಟ್ ಸಾಯುತ್ತದೆ. ಹಿಟ್ಟು ಇಮ್ಮಡಿ ಉಬ್ಬಿದ ಮೇಲೆ ನಿಂಬೆಗಿಂತ ತುಸು ಚಿಕ್ಕ ಉಂಡೆಗಳನ್ನು ಕಟ್ಟಬೇಕು. ಅವನ್ನು ತೆಂಗಿನೆಣ್ಣೆಯಲ್ಲಿ ಅದ್ದಿ, 150 ಗ್ರಾಂ ಬೆಲ್ಲದ ಪುಡಿ ಮತ್ತು ಎರಡು ಚಮಚ ದಾಲ್ಚಿನ್ನಿ ಪುಡಿ ಬೆರೆಸಿದ್ದರಲ್ಲಿ ಹೊರಳಿಸಬೇಕು. ದಾಲ್ಚಿನ್ನಿಯನ್ನು ಹಿಟ್ಟಿಗೇ ಬೆರೆಸಬಾರದು. ಅದರ ತೈಲ ಯೀಸ್ಟನ್ನು ತಡೆಯುತ್ತದೆ. ಪದರ ಪದರವಾಗಿ ಸುರುಳಿಯಾದ ತೆಳು ತೊಗಟೆಯೇ ನಿಜವಾದ ದಾಲ್ಚಿನ್ನಿ. ನಮ್ಮ ನೆರೆಯ ಕಣ್ಣೂರು ಜಿಲ್ಲೆಯ ಅಂಜರಕಂಡಿಯಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಕಾಲದಲ್ಲೇ ಅದರ ತೋಟವೆದ್ದಿತ್ತು.

ಎಣ್ಣೆ ಸವರಿ ಬಾಡಿಸಿದ ಬಾಳೆಲೆ ಹಾಸಿದ ನಾಲ್ಕೈದು ಲೀಟರ್ ಪಾತ್ರೆಯಲ್ಲಿ ಉಂಡೆಗಳನ್ನು ಪೇರಿಸಿ, ಇನ್ನರ್ಧ ಗಂಟೆ ಉಬ್ಬಲು ಬಿಡಬೇಕು. ಆಮೇಲೆ ಗೆರಟೆ ಕೆಂಡ ಕೆಳಗೆ ಒಂದು ಪಾಲು, ಮುಚ್ಚಳದ ಮೇಲೆ ಎರಡು ಪಾಲು. ಅಡಿಯಲ್ಲಿ ಹೆಚ್ಚಾದರೆ ಬೆಲ್ಲ ಕರಿಯಾಗಿ ಕಹಿಯಾಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಪಾತ್ರೆಯನ್ನು ಕಾಲು ಸುತ್ತು ಒಂದು ಕಡೆಗೆ, ಮುಚ್ಚಳವನ್ನು ಇನ್ನೊಂದು ಕಡೆಗೆ ತಿರುಗಿಸಿದರೆ ಸಮನಾಗಿ ಬೇಯುತ್ತದೆ. ಸುಮಾರು ನಲುವತ್ತು ನಿಮಿಷ ಸಾಕು. ಇಳಿಸಿದ ಮೇಲೆ ಹತ್ತು ನಿಮಿಷದೊಳಗೆ ತಟ್ಟೆಗೆ ಮಗುಚಬೇಕು; ತಣಿದರೆ ಪಾಕ ಗಟ್ಟಿಯಾಗಿ ಪಾತ್ರೆಗೆ ಅಂಟುತ್ತದೆ.

ಕೈಗಳು ಮಾಡುವುದನ್ನು ಮಕ್ಕಳು ನೋಡಿ ಕಲಿಯುತ್ತಾರೆ. ಹೆಸರನ್ನು ಮಾತ್ರ ನಾವು ಬಾಯಿಬಿಟ್ಟು ಹೇಳಿಕೊಡಬೇಕು. ಇದೇನೆಂದು ಮಕ್ಕಳು ಕೇಳಿದಾಗ ಹಂಗೆರಿಯವರ ಚಿನ್ನದ ಕಡುಬು ಎಂದೇ ಹೇಳೋಣ. ನಮ್ಮ ಅಡಿಗೆಗಳ ಹೆಸರುಗಳನ್ನೂ ಅದೇ ಉಸಿರಿನಲ್ಲಿ ಹೇಳಿಕೊಡೋಣ.