ಎಳೆಯ ನಾಯಿಯೂ ಮರಳುಗಾಡಿನ ಬೇಟೆಯೂ

ಅಬುಧಾಬಿಯ ಹೊರವಲಯದ ಮರಳುಬಯಲಿನಲ್ಲಿ ಮಾರ್ಚ್ ತಿಂಗಳ ಒಂದು ಬೆಳಗ್ಗೆ, ಹತ್ತು ತಿಂಗಳು ತುಂಬಿದ್ದ ನಮ್ಮ ಸಲೂಕಿ ಮಿಶ್ರತಳಿಯ ನಾಯಿ ನನ್ನ ಕೈಯಿಂದ ಹಗ್ಗ ಕಿತ್ತುಕೊಂಡು ಓಡಿತು. ದೂರದಲ್ಲಿ ಬಿಸಿಲು ಕಾಯುತ್ತಿದ್ದುದು ಧಬ್, ಅಂದರೆ ಮುಳ್ಳುಬಾಲದ ದೊಡ್ಡ ಹಲ್ಲಿ. ಅದು ಬಿಲ ಸೇರಿ ಬದುಕಿಕೊಂಡಿತು. ಬಿಲವನ್ನು ಕೆರೆಯುತ್ತಿದ್ದ ನಾಯಿ, ನಾವು ಹೋಗಿ ಹಗ್ಗ ಹಿಡಿಯುವವರೆಗೂ ಯಾವ ಕೂಗಿಗೂ ಕಿವಿಗೊಡಲಿಲ್ಲ. "ಮನೆಯಲ್ಲಿ ಇಷ್ಟು ಸಾಧುವಾದದ್ದು ಇಲ್ಲೇಕೆ ಕ್ರೂರವಾಯಿತು?" ಎಂದು ಮಗಳು ಕೇಳಿದಳು.

ಕ್ರೌರ್ಯವೆಂಬ ಪದ ಇಲ್ಲಿ ಸಲ್ಲದು. 1960ರ ದಶಕದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜಾನ್ ಫ್ಲಿನ್ ಮತ್ತು ಸಂಗಡಿಗರು ಬೆಕ್ಕಿನ ಮಿದುಳಿನ ಹೈಪೊಥಲಾಮಸ್ ಭಾಗವನ್ನು ವಿದ್ಯುತ್ತಿನಿಂದ ಪ್ರಚೋದಿಸಿ ನೋಡಿದರು. ಒಂದೆಡೆ ಪ್ರಚೋದಿಸಿದಾಗ ಬೆಕ್ಕು ರೋಮ ನಿಮಿರಿಸಿ ಬುಸುಗುಟ್ಟಿತು. ಮತ್ತೊಂದೆಡೆ ಪ್ರಚೋದಿಸಿದಾಗ ಸದ್ದಿಲ್ಲದೆ ಸಾಗಿ ಇಲಿಯನ್ನು ಕಚ್ಚಿತು. ಸಿಟ್ಟಿನ ದಾರಿ ಬೇರೆ, ಬೇಟೆಯ ದಾರಿ ಬೇರೆ. ಹಸಿವೂ ಇದಕ್ಕೆ ಅನಿವಾರ್ಯವಲ್ಲ. ಹೊಟ್ಟೆ ತುಂಬಿದ ನಾಯಿಯೂ ಅಟ್ಟಿಸಿಕೊಂಡು ಹೋಗುತ್ತದೆ.

ಬೇಟೆಯೆಂಬುದು ಒಂದೇ ಕ್ರಿಯೆಯಲ್ಲ, ಸರಪಳಿ: ಗುರುತಿಸುವುದು, ದಿಟ್ಟಿಸುವುದು, ಹೊಂಚುವುದು, ಬೆನ್ನಟ್ಟುವುದು, ಹಿಡಿಯುವುದು, ಕೊಲ್ಲುವುದು, ಸೀಳಿ ತಿನ್ನುವುದು. ಮನುಷ್ಯನು ತನಗೆ ಬೇಕಾದ ಕೊಂಡಿಯನ್ನು ಬಲಪಡಿಸಿ ಉಳಿದವನ್ನು ಸಡಿಲಿಸಿದ್ದಾನೆಂದು ರೇಮಂಡ್ ಕಾಪಿಂಜರ್ ವಿವರಿಸಿದ್ದಾರೆ. ಕುರಿ ಕಾಯುವ ಬಾರ್ಡರ್ ಕಾಲಿ ದಿಟ್ಟಿಸಿ ಹೊಂಚುತ್ತದೆ, ಆದರೆ ಕಚ್ಚಬಾರದು. ಅರಬರ ಸಲೂಕಿಯಲ್ಲಿಯೂ ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯಲ್ಲಿಯೂ ಬಲಿತಿರುವುದು ಕಣ್ಣಿನಿಂದ ಕಂಡು ಓಡಿ ಹಿಡಿಯುವ ಗುಣ. ಗಿಡುಗನೊಡನೆ ಮೊಲದ ಬೇಟೆಗೆ ಒಯ್ದ ನಾಯಿಯ ವಂಶಕ್ಕೆ, ಚಲಿಸುವ ಚಿಕ್ಕ ಪ್ರಾಣಿಯೇ ಆಜ್ಞೆ! ಎಳೆತನದಲ್ಲಿ ಆಟವಾಗಿ ತೋರುವ ಈ ಕೊಂಡಿಗಳು ಹರೆಯದಲ್ಲಿ ಒಂದಕ್ಕೊಂದು ಜೋಡಿಸಿಕೊಳ್ಳುತ್ತವೆ. ಪ್ರತಿ ಓಟವೂ ತಾನೇ ಬಹುಮಾನ. ಹೀಗಾಗಿ ಓಡಿದಷ್ಟೂ ಚಟ ಬಲಿಯುತ್ತದೆ.

ಆದ್ದರಿಂದ ಹೊಡೆತ ನಿಷ್ಫಲ. ಓಡಿ ಬಂದ ನಾಯಿಯನ್ನು ದಂಡಿಸಿದರೆ ಅದು ಕಲಿಯುವುದು ಮರಳಿ ಬರಬಾರದೆಂದು. ನಾಯಿ ದಿಟ್ಟಿಸುವ ಕ್ಷಣದಲ್ಲೇ, ಓಟಕ್ಕೆ ಮುಂಚೆ, ಹೆಸರು ಕರೆದು ತಿರುಗಿದೊಡನೆ ಮಾಂಸದ ತುಣುಕು ಕೊಡಬೇಕು. ಬೆನ್ನಟ್ಟುವ ಆಸೆಗೆ ಹಗ್ಗಕ್ಕೆ ಕಟ್ಟಿದ ಬಟ್ಟೆಯ ಗೊಂಬೆ ಸಾಕು.

ಇಲ್ಲಿನ ಕಾನೂನೂ ಸ್ಪಷ್ಟವಾಗಿದೆ. 2016ರ 22ನೆಯ ಒಕ್ಕೂಟ ಕಾನೂನಿನಂತೆ ಸಾರ್ವಜನಿಕ ಸ್ಥಳದಲ್ಲಿ ನಾಯಿಗೆ ಹಗ್ಗವಿರಲೇಬೇಕು. 1983ರಿಂದಲೇ ವನ್ಯಜೀವಿಗಳ ಬೇಟೆಗೆ ನಿರ್ಬಂಧವಿದೆ. ಧಬ್ ಜಾಗತಿಕವಾಗಿಯೇ ಅಪಾಯದಂಚಿನಲ್ಲಿರುವ ಜೀವಿ. ವೈದ್ಯನಾಗಿ ಇನ್ನೆರಡು ಮಾತು ಸೇರಿಸುತ್ತೇನೆ: ಹಲ್ಲಿಗಳ ಕರುಳಿನಲ್ಲಿ ಸಾಲ್ಮೊನೆಲ್ಲಾ ಇರಬಹುದು, ಅದನ್ನು ಕಚ್ಚಿದ ಬಾಯಿ ಮಗುವಿನ ಮುಖ ನೆಕ್ಕಬಾರದು. ಬೇಸಿಗೆಯ ಓಟದಲ್ಲಿ ನಾಯಿಯ ಮೈಬಿಸಿ 41 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪ್ರಾಣಕ್ಕೇ ಅಪಾಯ.

ನಮ್ಮ ನಾಯಿಗೆ ಈಗ ಮೂರು ವರ್ಷ. ಕರೆದರೆ ಹತ್ತರಲ್ಲಿ ಎಂಟು ಬಾರಿ ಬರುತ್ತದೆ. ಉಳಿದೆರಡು ಬಾರಿಗಾಗಿ ಹತ್ತು ಮೀಟರಿನ ಹಗ್ಗ ಇನ್ನೂ ಕೈಯಲ್ಲಿದೆ.