ಓಡುವ ಕಾಲು, ನಿಲ್ಲಬೇಕಾದ ಕೈ

ಮನೆಯ ಮೆಟ್ಟಿಲುಗಳನ್ನು ಹತ್ತು ಸಲ ಓಡಿ ಹತ್ತಿ ಇಳಿಯಿರಿ. ಏದುಸಿರು ನಿಲ್ಲುವ ಮೊದಲೇ ಸೂಜಿಗೆ ದಾರ ಪೋಣಿಸಲು ಪ್ರಯತ್ನಿಸಿ. ದಾರದ ತುದಿ ಸೂಜಿಯ ಕಣ್ಣಿನ ಸುತ್ತಮುತ್ತ ಅಲೆದಾಡುತ್ತದೆಯೇ ಹೊರತು ಒಳಗೆ ಹೋಗುವುದಿಲ್ಲ. ಈ ಕಷ್ಟವನ್ನೇ ಪಂದ್ಯವಾಗಿಸಿಕೊಂಡ ಕ್ರೀಡೆಯೊಂದು ಹಿಮದ ನಾಡುಗಳಲ್ಲಿದೆ. ಅದೇ ಬಯಾಥ್ಲಾನ್.

ಕಾಲಿಗೆ ಉದ್ದನೆಯ ಸ್ಕೀ ಕಟ್ಟಿಕೊಂಡು, ಬೆನ್ನಿಗೆ ರೈಫಲ್ ಏರಿಸಿಕೊಂಡು ಹಿಮದ ಏರಿಳಿತಗಳಲ್ಲಿ ಓಡಬೇಕು. ನಡುನಡುವೆ ನಿಂತು ಗುಂಡು ಹೊಡೆಯಬೇಕು. ರೈಫಲ್ ಕನಿಷ್ಠ 3.5 ಕಿಲೋ ತೂಗಬೇಕೆಂಬುದು ನಿಯಮ. ವೈಯಕ್ತಿಕ ಸ್ಪರ್ಧೆಯಲ್ಲಿ ಪುರುಷರಿಗೆ 20 ಕಿಲೋಮೀಟರ್, ಮಹಿಳೆಯರಿಗೆ 15 ಕಿಲೋಮೀಟರ್ ದೂರ. ಇಬ್ಬರಿಗೂ ನಾಲ್ಕು ಸಲ, ಸಲಕ್ಕೆ ಐದರಂತೆ, ಒಟ್ಟು 20 ಗುಂಡು. ಗುರಿ ಇರುವುದು 50 ಮೀಟರ್ ದೂರದಲ್ಲಿ. ಮಲಗಿ ಹೊಡೆಯುವಾಗ ಅದರ ವ್ಯಾಸ 45 ಮಿಲಿಮೀಟರ್, ನಿಂತು ಹೊಡೆಯುವಾಗ 115 ಮಿಲಿಮೀಟರ್. ಒಂದು ಗುಂಡು ತಪ್ಪಿದರೆ ಒಟ್ಟು ಸಮಯಕ್ಕೆ ಸಾಮಾನ್ಯವಾಗಿ ಒಂದು ನಿಮಿಷ ಸೇರುತ್ತದೆ. ಸ್ಪ್ರಿಂಟ್ ಸ್ಪರ್ಧೆಯಲ್ಲಾದರೆ ಪ್ರತಿ ತಪ್ಪಿಗೂ 150 ಮೀಟರಿನ ಸುತ್ತೊಂದನ್ನು ಹೆಚ್ಚಾಗಿ ಓಡಬೇಕು.

ಹಿಮದ ಮೇಲೆ ಜಾರುತ್ತಾ ಬೇಟೆಯಾಡುತ್ತಿದ್ದವರ, ಗಡಿ ಕಾಯುತ್ತಿದ್ದ ಸೈನಿಕರ ವಿದ್ಯೆ ಇದು. ಮೊದಲ ವಿಶ್ವ ಚಾಂಪಿಯನ್‌ಷಿಪ್ 1958ರಲ್ಲಿ ಆಸ್ಟ್ರಿಯಾದ ಸಾಲ್‌ಫೆಲ್ಡನ್‌ನಲ್ಲಿ ನಡೆಯಿತು. 1960ರಲ್ಲಿ ಅಮೆರಿಕದ ಸ್ಕ್ವಾ ವ್ಯಾಲಿಯಲ್ಲಿ ಬಯಾಥ್ಲಾನ್ ಒಲಿಂಪಿಕ್ಸ್‌ಗೆ ಕಾಲಿಟ್ಟಿತು. ಈ ಆಟದ ಗುಟ್ಟು ಅಂದೇ ಬಯಲಾಯಿತು.

ಅಂದು ಎಲ್ಲರಿಗಿಂತ ವೇಗವಾಗಿ ಸ್ಕೀ ಮಾಡಿದವರು ಫ್ರಾನ್ಸಿನ ವಿಕ್ಟರ್ ಆರ್ಬೆ. ಸ್ವೀಡನ್ನಿನ ಕ್ಲಾಸ್ ಲೆಸ್ಟಾಂಡರ್ ಅವರಿಗಿಂತ ಏಳು ನಿಮಿಷಕ್ಕೂ ಹೆಚ್ಚು ಹಿಂದಿದ್ದರು. ಬರೀ ಓಟವನ್ನೇ ಲೆಕ್ಕ ಹಾಕಿದರೆ ಲೆಸ್ಟಾಂಡರ್ ಅವರದು 15ನೇ ಸ್ಥಾನ. ಆದರೆ ಅವರ 20 ಗುಂಡುಗಳೂ ಗುರಿ ಮುಟ್ಟಿದವು. ಆರ್ಬೆ ಅವರ 18 ಗುಂಡುಗಳು ತಪ್ಪಿದವು. ಆಗ ಪ್ರತಿ ತಪ್ಪಿಗೂ ಎರಡು ನಿಮಿಷದ ದಂಡ. ಅಂದರೆ 36 ನಿಮಿಷ! ಚಿನ್ನ ಲೆಸ್ಟಾಂಡರ್ ಪಾಲಾಯಿತು. ಎಲ್ಲರಿಗಿಂತ ವೇಗವಾಗಿ ಓಡಿದವರು ಪಟ್ಟಿಯ ಕೆಳಭಾಗಕ್ಕೆ ಜಾರಿದರು.

ಗುರಿ ತಪ್ಪುವುದೇಕೆ? ಸಣ್ಣ ಲೆಕ್ಕವೊಂದನ್ನು ಮಾಡಿ ನೋಡೋಣ. 45 ಮಿಲಿಮೀಟರ್ ಗುರಿಯ ನಡುವಿನಿಂದ ಅಂಚಿಗೆ 22.5 ಮಿಲಿಮೀಟರ್. ಭುಜದಿಂದ ನಳಿಕೆಯ ತುದಿಗೆ ಸುಮಾರು ಒಂದು ಮೀಟರ್ ಎಂದಿಟ್ಟುಕೊಳ್ಳಿ. 50 ಮೀಟರ್ ಆಚೆ 22.5 ಮಿಲಿಮೀಟರ್ ಸರಿಯಲು ನಳಿಕೆಯ ತುದಿ ಇಲ್ಲಿ 0.45 ಮಿಲಿಮೀಟರ್ ಅಲುಗಿದರೆ ಸಾಕು. ಅರ್ಧ ಮಿಲಿಮೀಟರೂ ಅಲ್ಲ! ಓಡಿ ಬಂದವರ ಹೃದಯವೋ ನಿಮಿಷಕ್ಕೆ 180ರಷ್ಟು ಬಡಿಯುತ್ತಿರಬಹುದು. ಪ್ರತಿ ಬಡಿತವೂ ತೋಳಿನ ರಕ್ತನಾಳಗಳ ಮೂಲಕ ಬಂದೂಕನ್ನು ಮೆಲ್ಲಗೆ ತಟ್ಟುತ್ತದೆ. ಉಸಿರಾಟ ಎದೆಯೊಂದಿಗೆ ಬಂದೂಕನ್ನೂ ಏರಿಳಿಸುತ್ತದೆ.

ಹೃದಯ ಪೂರ್ತಿ ಶಾಂತವಾಗಲೆಂದು ಕಾಯುತ್ತಾ ಕೂತರೆ ಎದುರಾಳಿ ಮುಂದೆ ಹೋಗಿರುತ್ತಾರೆ. ಅದಕ್ಕೇ ನುರಿತವರು ಶೂಟಿಂಗ್ ಜಾಗ ಹತ್ತಿರವಾಗುತ್ತಿದ್ದಂತೆ ವೇಗ ತಗ್ಗಿಸುತ್ತಾರೆ. ಬಾವುಟ ನೋಡಿ ಗಾಳಿಯನ್ನು ಅಂದಾಜಿಸುತ್ತಾರೆ. ಉಸಿರು ಬಿಟ್ಟ ಮೇಲಿನ ಕ್ಷಣಮಾತ್ರದ ಬಿಡುವಿನಲ್ಲಿ ಕುದುರೆ ಒತ್ತುತ್ತಾರೆ. ಐದು ಗುಂಡುಗಳೂ ಅರ್ಧ ನಿಮಿಷದ ಆಸುಪಾಸಿನಲ್ಲಿ ಮುಗಿದುಹೋಗುತ್ತವೆ.

ಒಲಿಂಪಿಕ್ಸ್‌ನಲ್ಲಿ ಈ ಬಾಗಿಲು ಮಹಿಳೆಯರಿಗೆ ತೆರೆದದ್ದು 1992ರಲ್ಲಿ, ಫ್ರಾನ್ಸಿನ ಆಲ್ಬರ್ಟ್‌ವಿಲ್‌ನಲ್ಲಿ. ಅಂದರೆ ಪುರುಷರಿಗಿಂತ 32 ವರ್ಷ ತಡವಾಗಿ. ಓಟದ ದೂರ ಕಡಿಮೆ ಇದ್ದರೂ ಗುರಿಯ ಅಳತೆಯಲ್ಲಿ ಅವರಿಗೆ ರಿಯಾಯಿತಿ ಇಲ್ಲ. 1994ರಲ್ಲಿ ನಾರ್ವೆಯ ಲಿಲ್ಲೆಹ್ಯಾಮರ್‌ನಲ್ಲಿ ಕೆನಡಾದ ಮಿರಿಯಮ್ ಬೆಡಾರ್ 15 ಕಿಲೋಮೀಟರ್ ಸ್ಪರ್ಧೆಯನ್ನೂ 7.5 ಕಿಲೋಮೀಟರ್ ಸ್ಪ್ರಿಂಟನ್ನೂ ಗೆದ್ದರು. ಸ್ಪ್ರಿಂಟ್‌ನಲ್ಲಿ ಅವರಿಗೂ ಎರಡನೆಯವರಿಗೂ ಇದ್ದ ಅಂತರ ಬರೀ 1.1 ಸೆಕೆಂಡ್. ಇನ್ನೊಂದು ಗುಂಡು ತಪ್ಪಿ, 150 ಮೀಟರ್ ಸುತ್ತಬೇಕಾಗಿ ಬಂದಿದ್ದರೆ ಚಿನ್ನ ಕೈತಪ್ಪುತ್ತಿತ್ತು. 2014ರ ಸೋಚಿ ಕ್ರೀಡಾಕೂಟದಿಂದ ಮಹಿಳೆಯರೂ ಪುರುಷರೂ ಒಂದೇ ತಂಡದಲ್ಲಿ ಓಡುವ ಮಿಶ್ರ ರಿಲೇಯೂ ಒಲಿಂಪಿಕ್ಸ್‌ನಲ್ಲಿದೆ.

'ಬೇಗ, ಬೇಗ' ಎಂದು ಮಕ್ಕಳನ್ನು ಅವಸರಪಡಿಸುವ ತಂದೆತಾಯಿಗಳೂ, ಪ್ರಶ್ನೆಯನ್ನು ಪೂರ್ತಿ ಓದದೆ ಉತ್ತರ ಬರೆಯಲು ತೊಡಗುವ ಮಕ್ಕಳೂ ಆರ್ಬೆ ಮತ್ತು ಲೆಸ್ಟಾಂಡರ್ ಅವರ ಕಥೆಯನ್ನು ಒಟ್ಟಿಗೆ ಕುಳಿತು ಓದಬಹುದು. ವೇಗ ಬೇಡವೆಂದಲ್ಲ, ಓಡದವರಿಗೆ ಬಯಾಥ್ಲಾನ್‌ನಲ್ಲಿ ಜಾಗವಿಲ್ಲ. ಆದರೆ ಓಟದ ನಡುವೆ ಒಂದು ಉಸಿರಿನಷ್ಟು ಹೊತ್ತು ನಿಲ್ಲುವುದೂ ಅಭ್ಯಾಸದಿಂದಲೇ ಬರಬೇಕಾದ ವಿದ್ಯೆ. ನಂಬಿಕೆ ಬಾರದಿದ್ದರೆ ಮೆಟ್ಟಿಲು ಇದೆ, ಸೂಜಿ ದಾರವೂ ಇದೆ!