ಅಳತೆಗೆ ಸಿಗದ ವಿಷ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸಂತೆಗಳಲ್ಲಿ ಅಂಗೈ ಮೇಲೆ ತಂಬಾಕನ್ನಿರಿಸಿ, ಸುಣ್ಣ ಹಚ್ಚಿ, ಹೆಬ್ಬೆರಳಿನಿಂದ ತಿಕ್ಕುವ ದೃಶ್ಯ ಅಪರೂಪವಲ್ಲ. ಒಂದು ಚಿಟಿಕೆ ತಲೆ ಸುತ್ತಿಸಿದರೆ ಇನ್ನೊಂದು ಅಷ್ಟಾಗಿ ನಾಟುವುದಿಲ್ಲ. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ನಿಕೋಟಿನ್ ಎಂಬ ವಿಷವಸ್ತು.

1828ರಲ್ಲಿ ಜರ್ಮನಿಯ ಪೋಸೆಲ್ಟ್ ಮತ್ತು ರೈಮನ್ ಇದನ್ನು ತಂಬಾಕಿನಿಂದ ಬೇರ್ಪಡಿಸಿದರು. ಇದು ಗಿಡದ ಬೇರಿನಲ್ಲಿ ಹುಟ್ಟಿ ಎಲೆಯಲ್ಲಿ ಸಂಗ್ರಹವಾಗುತ್ತದೆ. ಸಾಮಾನ್ಯವಾಗಿ ಬುಡದ ಎಲೆಗಿಂತ ತುದಿಯ ಎಲೆಯಲ್ಲಿ ಇದರ ಪ್ರಮಾಣ ಹೆಚ್ಚು. ಸುಣ್ಣ ಬೆರೆತಾಗ ಇದು ಬಾಯಿಯ ಒಳಪೊರೆಯ ಮೂಲಕ ಬೇಗನೆ ರಕ್ತವನ್ನು ಸೇರುತ್ತದೆ.

ಎಲೆಯ ಬದಲು ದ್ರವವಾದರೆ ಈ ಅನಿಶ್ಚಯ ತೀರುವುದೇ? ಇ-ಸಿಗರೇಟಿನ ದ್ರವದ ಸೀಸೆಯ ಮೇಲೆ ನಿಕೋಟಿನ್ನಿನ ಪ್ರಮಾಣ ಅಚ್ಚಾಗಿರುತ್ತದೆ. ಆದರೆ ಹಲವು ದೇಶಗಳಲ್ಲಿ ಪರೀಕ್ಷಿಸಿದಾಗ, ಚೀಟಿಯ ಅಂಕಿಗೂ ಒಳಗಿನ ದ್ರವಕ್ಕೂ ಹೊಂದಿಕೆಯಿಲ್ಲದಿರುವುದು ಕಂಡುಬಂದಿದೆ. ನಿಕೋಟಿನ್ ಇಲ್ಲವೆಂದು ಬರೆದ ಕೆಲವು ಸೀಸೆಗಳಲ್ಲೂ ಅದು ದೊರೆತಿದೆ. ಬೆರೆಸುವಾಗ ಅಳತೆ ತಪ್ಪಿದರೂ, ಸರಿಯಾಗಿ ಕಲಕದಿದ್ದರೂ ಹೀಗಾಗುತ್ತದೆ. ಮಿಲಿಲೀಟರಿಗೆ 20 ಮಿಲಿಗ್ರಾಂ ಎಂದಿರುವಲ್ಲಿ 30 ಇದ್ದರೆ, 10 ಮಿಲಿಲೀಟರ್ ಸೀಸೆಯಲ್ಲಿ 200ಕ್ಕೆ ಬದಲಾಗಿ 300 ಮಿಲಿಗ್ರಾಂ ವಿಷವಿರುತ್ತದೆ. ಮಗುವೊಂದು ತಿಳಿಯದೆ ಅದನ್ನು ಕುಡಿದರೆ ಪ್ರಾಣಕ್ಕೇ ಅಪಾಯ. ಚರ್ಮಕ್ಕೆ ತಗಲಿದರೂ ಅದು ದೇಹವನ್ನು ಸೇರಬಲ್ಲದು.

ಕರ್ನಾಟಕದಲ್ಲಿ 2016ರಲ್ಲಿ, ಇಡೀ ಭಾರತದಲ್ಲಿ 2019ರಲ್ಲಿ ಇ-ಸಿಗರೇಟುಗಳ ಮಾರಾಟ ನಿಷಿದ್ಧವಾಯಿತು. ಕಳ್ಳದಾರಿಯಲ್ಲಿ ಬರುವ ಸೀಸೆಯ ಮೇಲಿನ ಅಂಕಿಗೆ ಹೊಣೆಯಾಗುವವರಾರೂ ಇಲ್ಲ. ಅಂಕಿ ನಿಜವಾಗಿದ್ದರೂ ಚಟ ಅಂಟದೆ ಬಿಡದು.

ಸಂತೆಯಲ್ಲಿ ತಕ್ಕಡಿಯ ಮುಳ್ಳನ್ನು ನೋಡದೆ ಯಾರೂ ಜೋಳ ಕೊಳ್ಳುವುದಿಲ್ಲ. ಹಾಗಿರುವಾಗ, ಅಳತೆಯರಿಯದ ವಿಷವನ್ನು ಮೈಗೆ ಸೇರಿಸಿಕೊಳ್ಳುವುದು ವಿವೇಕವೇ?